ಅಪ್ಪನ ಸಿಎಲ್‌ಎಲ್ ರಿಪೋರ್ಟ್‌ನಲ್ಲಿ ‘13ಕ್ಯೂ ಡಿಲೀಷನ್’, ‘ಐಜಿಹೆಚ್‌ವಿ ಮ್ಯುಟೇಟೆಡ್’ ಅಂತಿದೆ, ಡಾಕ್ಟರ್ ಔಷಧಿಯನ್ನೇ ಕೊಟ್ಟಿಲ್ಲ. ಭಯಪಡಬೇಕಾ? ನಮಗೂ ಬರುತ್ತಾ?

ನಾನು ಡಾಕ್ಟರಲ್ಲ, ಇಂಥ ರಿಪೋರ್ಟ್ ತಯಾರಾಗೋ ಲ್ಯಾಬಿನಲ್ಲಿ ಟೆಕ್ನಾಲಜಿಸ್ಟ್. ಕಾಗದದ ಮೇಲಿರೋ ಪದಗಳನ್ನಷ್ಟೇ ಬಿಡಿಸಿ ಹೇಳ್ತೀನಿ. ಸಿಎಲ್‌ಎಲ್ ಅಂದರೆ ಬಿ ಕೋಶ ಅನ್ನೋ ಬಿಳಿ ರಕ್ತಕೋಶಗಳಲ್ಲಿ ಹುಟ್ಟೋ ಒಂದು ಬಗೆಯ ಬ್ಲಡ್ ಕ್ಯಾನ್ಸರ್. ನಿಮ್ಮನ್ನು ಹೆದರಿಸಿರೋ ಎರಡೂ ಪದಗಳು ಈ ಕಾಯಿಲೆಯ ಮಟ್ಟಿಗೆ ಒಳ್ಳೇ ಸುದ್ದಿ.

ಮೊದಲನೆಯದು, 13ಕ್ಯೂ ಡಿಲೀಷನ್, ಕ್ರೋಮೋಸೋಮಿನ ಚೂರುಗಳಿಗೆ ಹೊಳೆಯೋ ಬಣ್ಣ ಅಂಟಿಸಿ ನೋಡೋ ಫಿಶ್ ಟೆಸ್ಟಿನದು. ಕತ್ತಲೆ ಕೋಣೇಲಿ ಮೈಕ್ರೋಸ್ಕೋಪ್ ಮುಂದೆ ಕೂತು, ನೀಲಿಯಾಗಿ ಹೊಳೆಯೋ ಒಂದೊಂದೇ ಕೋಶದೊಳಗೆ ಬಣ್ಣದ ಚುಕ್ಕಿ ಎಣಿಸೋದು ನಮ್ಮ ಕೆಲಸ. ಸರಿಯಿರೋ ಕೋಶದಲ್ಲಿ ಎರಡು ಕೆಂಪು, ಎರಡು ಹಸಿರು. ಕೆಂಪು ಒಂದೇ ಕಂಡರೆ 13ನೇ ಕ್ರೋಮೋಸೋಮಿನ ಉದ್ದ ತೋಳಿನ (ಅದೇ ‘ಕ್ಯೂ’) ಚೂರೊಂದು ಕಳೆದಿದೆ ಅಂತ ಅರ್ಥ. ಎರಡು ಚುಕ್ಕಿ ಒಂದರ ಮೇಲೊಂದು ಕೂತು ಒಂದೇ ಥರ ಕಂಡು ಮೋಸ ಮಾಡೋದೂ ಉಂಟು. ಅದಕ್ಕೇ 200 ಕೋಶ ಎಣಿಸ್ತೀವಿ, ಅದೂ ಇಬ್ಬರು ಬೇರೆಬೇರೆಯಾಗಿ.

2000ರಲ್ಲಿ ಜರ್ಮನಿಯ ಡೋನರ್ ಅನ್ನೋ ಸಂಶೋಧಕರು ಮತ್ತು ಸಂಗಡಿಗರು 325 ರೋಗಿಗಳನ್ನು ಹೀಗೇ ವಿಂಗಡಿಸಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಈ 13ಕ್ಯೂ ನಷ್ಟವೇ ಇತ್ತು. ಬೇರೆ ದೋಷವಿಲ್ಲದೆ ಇದೊಂದೇ ಇದ್ದವರಲ್ಲಿ ಅರ್ಧದಷ್ಟು ಮಂದಿ 133 ತಿಂಗಳು ದಾಟಿ ಬದುಕಿದ್ದರು, ಅಂದರೆ ಕ್ರೋಮೋಸೋಮ್ ನಾರ್ಮಲ್ ಇದ್ದವರಿಗಿಂತಲೂ ಹೆಚ್ಚು. ಅದೂ ಈಗಿನ ಮಾತ್ರೆಗಳು ಬರೋ ಮುಂಚಿನ ಲೆಕ್ಕ. ತಲೆನೋವಿನದು 17ಪಿ ಡಿಲೀಷನ್, ಅಂದರೆ 17ನೇ ಕ್ರೋಮೋಸೋಮಿನ ಗಿಡ್ಡ ತೋಳಿನ ಚೂರು ಕಳೆದಿರೋದು. ಅಲ್ಲಿ ಟಿಪಿ53 ಅನ್ನೋ ಕಾವಲು ಜೀನ್ ಹೋಗಿರುತ್ತೆ, ಹಳೇ ಕೀಮೋ ಅಷ್ಟಾಗಿ ನಾಟಲ್ಲ.

ಇನ್ನು ‘ಮ್ಯುಟೇಟೆಡ್’. ಹೆಸರಿಟ್ಟವರನ್ನು ನಾನೇ ಎಷ್ಟೋ ಸಲ ಬೈದುಕೊಂಡಿದ್ದೀನಿ. ನಮ್ಮ ಬಿ ಕೋಶಗಳು ರೋಗಾಣು ಎದುರಾದಾಗ ತಮ್ಮ ಆಂಟಿಬಾಡಿ ಜೀನನ್ನು (ಅದೇ ಐಜಿಹೆಚ್‌ವಿ) ತಾವೇ ತಿದ್ದಿಕೊಳ್ತವೆ. ಆ ತಿದ್ದುಪಡಿಯೇ ಇಲ್ಲಿನ ಮ್ಯುಟೇಷನ್. ಮೂಲ ಜೀನಿನ ಜೊತೆ ಹೋಲಿಕೆ ಶೇ. 98ಕ್ಕಿಂತ ಕಡಿಮೆಯಿದ್ದರೆ ‘ಮ್ಯುಟೇಟೆಡ್’ ಅಂತ ಬರೀತೀವಿ. ಹಾಗೆ ಪಳಗಿದ ಕೋಶದಿಂದ ಹುಟ್ಟಿದ ಸಿಎಲ್‌ಎಲ್ ಸಾಮಾನ್ಯವಾಗಿ ನಿಧಾನ. ‘ಅನ್‌ಮ್ಯುಟೇಟೆಡ್’ ಅಂತಿದ್ದರೇ ಸ್ವಲ್ಪ ಚುರುಕು.

ಔಷಧಿ ಕೊಡದೆ ಕಾದು ನೋಡೋದು ಸಿಎಲ್‌ಎಲ್‌ನಲ್ಲಿ ರೂಢಿಯ ಕ್ರಮವೇ, ಡಾಕ್ಟರ್ ಕೈಬಿಟ್ಟರು ಅಂದುಕೊಳ್ಳಬೇಡಿ. ಯಾರಾದರೂ ‘ಬ್ಲಡ್ ಕ್ಯಾನ್ಸರಿಗೆ ಮಾತ್ರೆ ಇದೆಯಲ್ಲ, ಇನ್ನೂ ಯಾಕೆ ಶುರು ಮಾಡಿಲ್ಲ’ ಅಂದರೆ, ಅವರು ಹೇಳ್ತಿರೋದು ಬಹುಶಃ ಸಿಎಂಎಲ್ ಅನ್ನೋ ಇನ್ನೊಂದು ಬಗೆಯ ಬ್ಲಡ್ ಕ್ಯಾನ್ಸರ್ ಬಗ್ಗೆ. ಅಲ್ಲಿ ಎಲ್ಲರಲ್ಲೂ 9 ಮತ್ತು 22ನೇ ಕ್ರೋಮೋಸೋಮುಗಳ ಚೂರುಗಳು ಬೆಸೆದು ಹುಟ್ಟೋ ಒಂದೇ ದೋಷ, ಆದ್ದರಿಂದ ಗುರಿಯೂ ಒಂದೇ. ಸಿಎಲ್‌ಎಲ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಥರ.

ನಿಮಗೆ ಬರುತ್ತಾ ಅಂದ್ರಲ್ಲ. ಕಳೆದಿರೋ ಚೂರು ಅಪ್ಪನ ಆ ರಕ್ತಕೋಶಗಳದ್ದು ಮಾತ್ರ, ಹುಟ್ಟಿನಿಂದ ಬಂದದ್ದಲ್ಲ, ಹಾಗಾಗಿ ಮಕ್ಕಳಿಗೆ ದಾಟಲ್ಲ. ಹತ್ತಿರದ ಸಂಬಂಧಿಕರಲ್ಲಿ ಸಿಎಲ್‌ಎಲ್ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ನಿಜ, ಆದರೂ ಒಟ್ಟಾರೆ ಅದು ಚಿಕ್ಕದೇ.

ರಿಪೋರ್ಟನ್ನು ಜೋಪಾನವಾಗಿಡಿ. ಮುಂದೆ ಚಿಕಿತ್ಸೆ ಶುರುವಾಗೋ ಹೊತ್ತಿಗೆ ಫಿಶ್ ಮತ್ತು ಟಿಪಿ53 ಮತ್ತೆ ನೋಡಬೇಕಾಗುತ್ತೆ, ಕಾಲ ಕಳೆದಂತೆ ಅವು ಬದಲಾಗಬಹುದು. ಐಜಿಹೆಚ್‌ವಿ ಬದಲಾಗಲ್ಲ, ಅದನ್ನು ಇನ್ನೊಮ್ಮೆ ಮಾಡಿಸಿ ದುಡ್ಡು ಕಳೀಬೇಡಿ.