ಅಟ್ಟದ ಏಣಿಬಾಗಿಲು: ಮೊದಲು ಗಾಳಿ ತಡೆಯಿರಿ, ಆಮೇಲೆ ಫೋಮ್

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ನೆಲೆಸಿರುವ ಓದುಗರವು, ಎಲ್ಲವೂ ಒಂದೇ ವಿಷಯದ ಸುತ್ತ: ಹಗ್ಗ ಎಳೆದರೆ ಸೀಲಿಂಗ್‌ನಿಂದ ಕೆಳಗಿಳಿಯುವ ಆಟಿಕ್ ಏಣಿ.

ಪ್ರಶ್ನೆ (ಟ್ರಾಯ್, ಮಿಶಿಗನ್): ನಮ್ಮದು ಎರಡಂತಸ್ತಿನ ಮನೆ. ಚಳಿಗಾಲದಲ್ಲಿ ಅಟ್ಟದ ಏಣಿಯ ಕೆಳಗೆ ನಿಂತರೆ ತಲೆಯ ಮೇಲೆ ತಣ್ಣನೆ ಗಾಳಿ ಸುರಿಯುತ್ತದೆ. ಅಟ್ಟದಲ್ಲಿ ಆರ್-49 ಇನ್ಸುಲೇಷನ್ ಇದೆ (ಆರ್ ಅಂಕಿ ಹೆಚ್ಚಿದಷ್ಟೂ ಶಾಖ ದಾಟುವುದು ಕಡಿಮೆ). ಬಾಗಿಲ ಮೇಲೊಂದು ದಪ್ಪ ಫೋಮ್ ಹಲಗೆ ಇಟ್ಟರೆ ಸಾಕೇ?

ಉತ್ತರ: ಸಾಲದು. ಅಲ್ಲಿ ಎರಡು ಬೇರೆ ಬೇರೆ ನಷ್ಟಗಳಿವೆ, ಫೋಮ್ ಒಂದನ್ನಷ್ಟೇ ತಡೆಯುತ್ತದೆ.

ಮೊದಲನೆಯದು ಹಲಗೆಯ ಮೂಲಕ ದಾಟುವ ಶಾಖ. ಸಾಮಾನ್ಯ ಏಣಿಯ ತೆರಪು 22.5 ಇಂಚು ಅಗಲ, 54 ಇಂಚು ಉದ್ದ. ಅಂದರೆ ಸುಮಾರು 8.5 ಚದರಡಿ. ತೆಳು ಪ್ಲೈವುಡ್ ಬಾಗಿಲಿನ ಆರ್-ಮೌಲ್ಯ ಹೆಚ್ಚೆಂದರೆ ಒಂದೂವರೆ. 1000 ಚದರಡಿ ಅಟ್ಟಕ್ಕೆಲ್ಲ ಆರ್-49 ಇದ್ದು ಇದೊಂದು ಜಾಗ ಮಾತ್ರ ಹೀಗಿದ್ದರೆ, ಇಡೀ ಸೀಲಿಂಗ್‌ನ ಸರಾಸರಿ ಸುಮಾರು ಆರ್-39ಕ್ಕೆ ಇಳಿಯುತ್ತದೆ. ನಿಮ್ಮ ತಲೆಯ ಮೇಲೆ ಸುರಿಯುವ ಚಳಿಗೂ ಬಹುಮಟ್ಟಿಗೆ ಈ ಹಲಗೆಯೇ ಕಾರಣ: ತಣ್ಣಗಾದ ಹಲಗೆ ತಾಗಿದ ಗಾಳಿ ಭಾರವಾಗಿ ಕೆಳಗಿಳಿಯುತ್ತದೆ.

ಎರಡನೆಯದು ಸಂದಿನಿಂದ ಮೇಲಕ್ಕೆ ಓಡುವ ಬೆಚ್ಚನೆ ಗಾಳಿ. ಇದು ಮೈಗೆ ತಾಗುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಬಾಗಿಲ ಸುತ್ತಳತೆ 153 ಇಂಚು. ಸುತ್ತಲೂ ಬರೀ ಎಂಟನೇ ಒಂದು ಇಂಚು ಸಂದಿದ್ದರೂ ಒಟ್ಟು 19 ಚದರಿಂಚು. ಸೀಲಿಂಗ್‌ನಲ್ಲಿ 5 ಇಂಚು ವ್ಯಾಸದ ತೂತು ಕೊರೆದಂತೆ. ಎರಡಂತಸ್ತಿನ ಮನೆಯಲ್ಲಿ ಒಳಗೂ ಹೊರಗೂ 50 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸವಿದ್ದಾಗ ಮೇಲಿನ ಸೀಲಿಂಗ್‌ಗೆ ಸುಮಾರು 3 ಪ್ಯಾಸ್ಕಲ್ ಒತ್ತಡ ಬೀಳಬಹುದು. ಆ ಒತ್ತಡಕ್ಕೆ ಈ ಸಂದಿನಿಂದ ನಿಮಿಷಕ್ಕೆ 30 ಘನ ಅಡಿಯಷ್ಟು ಗಾಳಿ ಹೊರಟುಹೋಗುತ್ತದೆ. ಅದು ಹೊತ್ತೊಯ್ಯುವ ಶಾಖ ಹಲಗೆಯ ಮೂಲಕ ದಾಟುವುದರ ಐದಾರು ಪಟ್ಟು. ಮೇಲೆ ಹೋದಷ್ಟೇ ತಣ್ಣನೆ ಗಾಳಿ ಕೆಳಗಿನ ಬಾಗಿಲು, ಬೇಸ್‌ಮೆಂಟ್ ಸಂದುಗಳಿಂದ ಒಳಕ್ಕೆ ಬರುತ್ತದೆ. ಆದ್ದರಿಂದ ಮೊದಲು ಗಾಳಿ, ಆಮೇಲೆ ಫೋಮ್.

ಸೋರುವ ಜಾಗ ಪತ್ತೆಹಚ್ಚಲು ಎರಡು ಉಪಾಯಗಳಿವೆ. ರಾತ್ರಿ ಒಬ್ಬರು ಅಟ್ಟದಲ್ಲಿದ್ದು, ಇನ್ನೊಬ್ಬರು ಕೆಳಗೆ ಬಾಗಿಲು ಮುಚ್ಚಿ ದೀಪ ಹಾಕಲಿ. ಬೆಳಕು ಕಂಡಲ್ಲೆಲ್ಲ ಸಂದು. ಅಥವಾ ಚಳಿಯ ದಿನ ಸ್ನಾನದ ಮನೆಯ ಫ್ಯಾನ್ ನಿಲ್ಲಿಸಿ, ಮುಚ್ಚಿದ ಬಾಗಿಲ ಅಂಚಿನಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡು ಹೋದರೆ ಅದೇ ಜಾಗ.

ಇನ್ನು ಕೆಲಸ. ಮೊದಲು ಚೌಕಟ್ಟಿಗೂ ಅಟ್ಟದ ಮರದ ತೊಲೆಗಳಾದ ಜಾಯಿಸ್ಟ್‌ಗಳಿಗೂ ನಡುವಿನ ಸಂದು. ಕಾಲು ಇಂಚಿನಿಂದ ಅರ್ಧ ಇಂಚಿನ ಈ ಸಂದನ್ನು ಕೆಳಗಿನ ಅಲಂಕಾರದ ಪಟ್ಟಿ ಮರೆಮಾಡಿರುತ್ತದೆ. ಒಳಗೆ ಗಾಜಿನ ಉಣ್ಣೆ ತುರುಕಿದ್ದರೆ ನಂಬಬೇಡಿ, ಅದು ಗಾಳಿಯನ್ನು ಸೋಸುತ್ತದೆಯೇ ಹೊರತು ತಡೆಯುವುದಿಲ್ಲ. ಅದನ್ನು ಕಿತ್ತು, ಅಟ್ಟದ ಕಡೆಯಿಂದಲೇ ಕಿಟಕಿ-ಬಾಗಿಲಿಗೆಂದು ಮಾರುವ ಕಡಿಮೆ ಹಿಗ್ಗುವ ಸ್ಪ್ರೇ ಫೋಮ್ ತುಂಬಿ. ಒಂದು ಡಬ್ಬಿ ಸಾಕು. ಹೆಚ್ಚು ಹಿಗ್ಗುವ ಫೋಮ್ ಬಳಸಿದರೆ ಚೌಕಟ್ಟು ಒಳಕ್ಕೆ ಬಾಗಿ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ. ಕಾಲು ಇಂಚಿಗಿಂತ ಕಿರಿದಾದ ಕಡೆ ಕಾಲ್ಕ್ (ಸಂದು ತುಂಬುವ ಪೇಸ್ಟ್) ಹಾಕಿ. ಫೋಮ್ ತುಂಬುವ ಮುಂಚೆ ಚೌಕಟ್ಟು ತಯಾರಕರು ಹೇಳಿದಷ್ಟು ಸ್ಕ್ರೂಗಳಿಂದ ಜಾಯಿಸ್ಟ್‌ಗೆ ಬಿಗಿದಿದೆಯೇ ನೋಡಿ. ಫೋಮ್ ಭಾರ ಹೊರುವ ವಸ್ತುವಲ್ಲ.

ಆಮೇಲೆ ಬಾಗಿಲು ಬಂದು ಕೂರುವ ಚೌಕಟ್ಟಿನ ಕೆಳ ಅಂಚಿಗೆ ಸಂದು ಮುಚ್ಚುವ ಪಟ್ಟಿ, ಅಂದರೆ ವೆದರ್‌ಸ್ಟ್ರಿಪ್. ಅಗ್ಗದ ಸ್ಪಂಜಿನ ಟೇಪ್ ಒಂದೆರಡು ವರ್ಷಕ್ಕೆ ಚಪ್ಪಟೆಯಾಗಿ ಕೂರುತ್ತದೆ; ಟೊಳ್ಳು ಕೊಳವೆಯಾಕಾರದ ಇಪಿಡಿಎಂ ರಬ್ಬರ್ ಅಥವಾ ಸಿಲಿಕೋನ್ ಪಟ್ಟಿ 14 ಅಡಿ ತನ್ನಿ. ಬಾಗಿಲು ಮುಚ್ಚಿದಾಗ ಪಟ್ಟಿ ಸುಮಾರು ಅರ್ಧಕ್ಕೆ ಅಮುಕಬೇಕು. ಜನ ಎಡವುವುದು ಹಿಂಜಿನ ಬದಿಯಲ್ಲಿ: ಅಲ್ಲಿ ದಪ್ಪ ಪಟ್ಟಿ ಹಾಕಿದರೆ ಬಾಗಿಲು ಅದರ ಮೇಲೇ ಊರಿ, ಎದುರು ತುದಿ ಬಾಯಿ ಬಿಡುತ್ತದೆ. ಹಿಂಜಿನ ಕಡೆ ತೆಳುವಾದದ್ದೇ ಇರಲಿ. ಆದರೂ ತುದಿ ಬಿಗಿಯಾಗದಿದ್ದರೆ ಎರಡು ಮೂಲೆಗೆ ಒಂದೊಂದು ತಿರುಗುವ ಚಿಲಕ ಹಾಕಿ. ಸ್ಪ್ರಿಂಗ್ ಬಿಗಿ ಮಾಡಲು ಹೋಗಬೇಡಿ. ಏಣಿ ಇಳಿಸಿದಾಗ ಸ್ಪ್ರಿಂಗ್ ಪೂರ್ತಿ ಎಳೆದುಕೊಂಡಿರುತ್ತದೆ, ಆಗ ಕಳಚಿದರೆ ಮುಖಕ್ಕೇ ಚಿಮ್ಮುತ್ತದೆ.

ಕೊನೆಗೆ, ಅಟ್ಟದ ಕಡೆಯಿಂದ ಏಣಿಯ ತೆರಪಿನ ಮೇಲೆ ಕೂರುವ ಫೋಮ್ ಮುಚ್ಚಳ. ಇಡೀ ಪೆಟ್ಟಿಗೆಯನ್ನು ಎತ್ತಿಡುವ ವಿನ್ಯಾಸ ನಮಗೆ ಒಪ್ಪಿಗೆಯಿಲ್ಲ, ಎತ್ತಿದ ಕೂಡಲೇ ಸುತ್ತಲಿನ ಇನ್ಸುಲೇಷನ್ ತೆರಪಿಗೆ ಕುಸಿಯುತ್ತದೆ. ತೆರಪಿನ ಸುತ್ತ ಕಟ್ಟುವ ಗೋಡೆ ಸ್ಥಿರವಾಗಿರಲಿ, ಮುಚ್ಚಳ ಮಾತ್ರ ಎತ್ತುವಂತಿರಲಿ. ಏಣಿ ಮಡಚಿ ಬಾಗಿಲು ಮುಚ್ಚಿದಾಗ ಅದರ ಅತಿ ಎತ್ತರದ ಭಾಗ (ಬಹಳ ಸಲ ಅದು ಹತ್ತುವಾಗ ಹಿಡಿದುಕೊಳ್ಳುವ ಕಂಬಿ) ಜಾಯಿಸ್ಟ್ ಮೇಲ್ಮೈಯಿಂದ ಎಷ್ಟು ಮೇಲಿದೆ ಎಂದು ಅಳೆಯಿರಿ. ಅದಕ್ಕೆ 3 ಇಂಚು ಸೇರಿಸಿದರೆ ಗೋಡೆಯ ಎತ್ತರ. ಅದು ಇನ್ಸುಲೇಷನ್‌ಗಿಂತ ತಗ್ಗಾದರೆ ಇನ್ಸುಲೇಷನ್‌ಗಿಂತ 2 ಇಂಚು ಮೇಲೇರಿಸಿ. ಮುಕ್ಕಾಲು ಇಂಚಿನ ಪ್ಲೈವುಡ್‌ನಲ್ಲಿ 56 ಇಂಚಿನ ಎರಡು, 23 ಇಂಚಿನ ಎರಡು ತುಂಡು ಕೊಯ್ದು, ಜಾಯಿಸ್ಟ್ ಮೇಲೆ ನಿಲ್ಲಿಸಿ, ಬುಡಕ್ಕೆಲ್ಲ ಕಾಲ್ಕ್ ಎಳೆದು ಸ್ಕ್ರೂ ಮಾಡಿ. ಹೊರ ಅಳತೆ 24.5 × 56 ಬರುತ್ತದೆ, ಮುಚ್ಚಳಕ್ಕೂ ಅದೇ. 2 ಇಂಚು ದಪ್ಪದ ಪಾಲಿಐಸೊ ಫೋಮ್ ಬೋರ್ಡ್ 4 × 8 ಅಡಿಯದು ಒಂದೇ ಸಾಕು: 24.5 × 56 ಒಂದು ತುಂಡು, ಉಳಿದ ಪಟ್ಟಿಯಲ್ಲಿ 22.5 × 54 ಇನ್ನೊಂದು. ಚಿಕ್ಕದನ್ನು ದೊಡ್ಡದರ ಕೆಳಗೆ ನಟ್ಟನಡುವೆ ಅಂಟಿಸಿದರೆ ಅದು ಗೋಡೆಯೊಳಗೆ ಬಿರಡೆಯಂತೆ ಕೂರುತ್ತದೆ. ಪದರಗಳಿಂದ ಒಟ್ಟು ಆರ್-23, 24 ಸಿಗುತ್ತದೆ. ಗೋಡೆಯ ಮೇಲಂಚಿಗೆ ಅದೇ ವೆದರ್‌ಸ್ಟ್ರಿಪ್ ಇನ್ನೊಂದು 14 ಅಡಿ, ಮುಚ್ಚಳದ ಕೆಳಗೊಂದು ಹಿಡಿಕೆ. ನಿಮ್ಮ ಏಣಿಯ ತೆರಪು ಬೇರೆಯಾಗಿದ್ದರೆ ಅಂಕಿಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಬೆಂಕಿಯ ವಿಷಯ ಲಘುವಾಗಿ ತೆಗೆದುಕೊಳ್ಳಬೇಡಿ. ಸಾಮಾನ್ಯ ಫೋಮ್ ಬೋರ್ಡನ್ನು ಅಟ್ಟದಲ್ಲಿ ಬರಿದಾಗಿ ಬಿಡಲು ಕಟ್ಟಡ ನಿಯಮ ಒಪ್ಪುವುದಿಲ್ಲ. ಬರಿದಾಗಿಡಲು ಅನುಮೋದನೆಯಿರುವ ಬೋರ್ಡ್ ಕೊಳ್ಳಿ, ಇಲ್ಲವೇ ಕಾಲು ಇಂಚಿನ ಪ್ಲೈವುಡ್ ಹೊದಿಸಿ. ಮೇಲ್ಭಾಗಕ್ಕೆ ಪ್ಲೈವುಡ್ ಹೊದಿಸಿದರೂ ಮುಚ್ಚಳ ಸುಮಾರು 14 ಪೌಂಡ್, ಒಂದೇ ಕೈಯಲ್ಲಿ ಸರಿಸಬಹುದು. ಏಣಿ ಗ್ಯಾರೇಜಿನ ಸೀಲಿಂಗ್‌ನಲ್ಲಿದ್ದರೆ ಮಾತ್ರ ಇದ್ಯಾವುದನ್ನೂ ಮಾಡಬೇಡಿ. ಅಲ್ಲಿ ಬೇಕಾದದ್ದು ಬೆಂಕಿ ತಡೆಯುವ ಬಾಗಿಲು.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ಜಿಪ್ ಇರುವ ಬೆಳ್ಳಿಬಣ್ಣದ ಗುಳ್ಳೆಹಾಳೆಯ ಹೊದಿಕೆ ತಂದು ಹಾಕಿದೆವು. ಏನೂ ವ್ಯತ್ಯಾಸ ಕಾಣಲಿಲ್ಲ.

ಉತ್ತರ: ಗುಳ್ಳೆಹಾಳೆಯದೇ ಆರ್-ಮೌಲ್ಯ ಸುಮಾರು 1. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳು ಹಾಳೆಯ ಜತೆಗೆ ನಿಶ್ಚಲ ಗಾಳಿಯ ಪದರವನ್ನೂ ಎಣಿಸಿ ಬಂದವು, ಸಂದು ಸೋರುತ್ತಿದ್ದರೆ ಆ ಪದರ ನಿಶ್ಚಲವಾಗಿರುವುದೇ ಇಲ್ಲ. ಆದರೂ ಎಸೆಯಬೇಡಿ. ಇಂಥ ಹೊದಿಕೆಗಳು ಬುಡದಲ್ಲೂ ಸೋರುತ್ತವೆ. ಬರೀ ಸ್ಟೇಪಲ್ ಹೊಡೆದಿದ್ದರೆ ಬಿಚ್ಚಿ, ಬುಡದ ಪಟ್ಟಿಯ ಕೆಳಗೆ ದಪ್ಪಗೆ ಕಾಲ್ಕ್ ಎಳೆದು, ಮೇಲೆ ತೆಳು ಮರದ ಪಟ್ಟಿ ಇಟ್ಟು ಸ್ಕ್ರೂ ಮಾಡಿ. ಗಾಳಿ ನಿಂತರೆ ಅರ್ಧಕ್ಕಿಂತ ಹೆಚ್ಚು ಲಾಭ ಬಂದ ಹಾಗೆಯೇ.

ಪ್ರಶ್ನೆ (ಫ್ರಿಸ್ಕೊ, ಟೆಕ್ಸಸ್): ಎಸಿ ಯಂತ್ರವೇ ಅಟ್ಟದಲ್ಲಿದೆ. ಬೇಸಿಗೆಯಲ್ಲಿ ಏಣಿಯ ಸುತ್ತ ಸೀಲಿಂಗ್ ಮೇಲೆ ಕರಿ ಧೂಳಿನ ಗೆರೆ ಮೂಡುತ್ತದೆ. ದಸರಾ ಬೊಂಬೆಗಳನ್ನೂ ಅಲ್ಲೇ ಇಟ್ಟಿದ್ದೇವೆ, ಬಾಗಿಲು ಬಿಗಿ ಮಾಡಿದರೆ ಅವಕ್ಕೆ ಒಳ್ಳೆಯದೇ?

ಉತ್ತರ: ಧೂಳಿನ ಗೆರೆ ಗಾಳಿ ಓಡಾಡುವ ದಾರಿಯ ಗುರುತು. ನಿಮ್ಮಲ್ಲಿ ಬೇಸಿಗೆಗೆ ಗಾಳಿ ಉಲ್ಟಾ ಹರಿಯುತ್ತದೆ, ಅಟ್ಟದ ಕಾದ ಗಾಳಿ ಒಳಕ್ಕೆ. ಅಟ್ಟದೊಳಗಿನ ಡಕ್ಟ್‌ನಿಂದ ತಂಪು ಗಾಳಿ ಸೋರುತ್ತಿದ್ದರೆ ಇದು ಇನ್ನೂ ಜೋರು: ಮನೆಗೆ ಬರಬೇಕಾದ ಗಾಳಿ ಅಟ್ಟಕ್ಕೆ ಹೋಗುತ್ತದೆ, ಆ ಕೊರತೆ ತುಂಬಲು ಏಣಿಯ ಸಂದಿನಿಂದ ಬಿಸಿ ಗಾಳಿ ಇಳಿಯುತ್ತದೆ. ಆದ್ದರಿಂದ ಡಕ್ಟ್ ಕೀಲುಗಳಿಗೆ ಮ್ಯಾಸ್ಟಿಕ್ (ಕೀಲು ಮುಚ್ಚುವ ದಪ್ಪ ಲೇಪ) ಬಳಿಯುವುದು ಬಾಗಿಲಿನಷ್ಟೇ ಮುಖ್ಯ. ಬಟ್ಟೆಯ ಡಕ್ಟ್ ಟೇಪ್ ಆ ಬಿಸಿಗೆ ಒಣಗಿ ಉದುರುತ್ತದೆ. ಮುಚ್ಚಳ ಮೇಲೆ ಹೇಳಿದ ಹಾಗೆಯೇ ಮಾಡಿ, ಆದರೆ ರಿಪೇರಿಯವರು ಸ್ಕ್ರೂಡ್ರೈವರ್ ಇಲ್ಲದೆ ಎತ್ತುವಂತಿರಲಿ. ಎತ್ತಿದ ಮುಚ್ಚಳವನ್ನು ಅಲ್ಲೇ ಬಿಟ್ಟು ಹೋಗುವುದು ಬಹಳ ಸಾಮಾನ್ಯ. ಅವರು ಹೋದ ಮೇಲೆ ಒಮ್ಮೆ ಹತ್ತಿ ನೋಡಿ.

ಬೊಂಬೆಗಳನ್ನು ಈಗಲೇ ಕೆಳಗಿಳಿಸಿ. ಬಾಗಿಲು ಬಿಗಿಯಾದರೂ ಅಟ್ಟ ಅಷ್ಟೇ ಕಾಯುತ್ತದೆ, ಬೇಸಿಗೆಯ ಮಧ್ಯಾಹ್ನ 130 ಡಿಗ್ರಿ ಫ್ಯಾರನ್‌ಹೀಟ್ ಸಾಮಾನ್ಯ. ಚನ್ನಪಟ್ಟಣದ ಬೊಂಬೆಗಳ ಬಣ್ಣ ಅರಗಿನದು. ಅರಗು ಬಿಸಿಗೆ ಮೆತ್ತಗಾಗಿ ಸುತ್ತಿದ ಬಟ್ಟೆಗೆ ಅಂಟುತ್ತದೆ. ಊರಿಗೆ ಹೋಗುವ ಸೂಟ್‌ಕೇಸ್‌ಗಳಿಗೆ ಅಟ್ಟ ಸರಿ, ಬೊಂಬೆಗಳಿಗೆ ಮಲಗುವ ಕೋಣೆಯ ಕಪಾಟೇ ಸರಿ.

ಪ್ರಶ್ನೆ (ನೇಪರ್‌ವಿಲ್, ಇಲಿನಾಯ್): ಜನವರಿಯಲ್ಲಿ ಅಟ್ಟದ ಮಾಡಿನ ಮೊಳೆಗಳ ತುದಿಗೆ ಹಿಮ ಕಟ್ಟಿತ್ತು. ಬಾಗಿಲು ಮುಚ್ಚಿಬಿಟ್ಟರೆ ಅಟ್ಟ ಉಸಿರಾಡದೆ ಕೊಳೆಯುವುದಿಲ್ಲವೇ?

ಉತ್ತರ: ಆ ಹಿಮ ನಿಮ್ಮ ಮನೆಯೊಳಗಿನ ತೇವವೇ. ಅನ್ನ ಬೇಯಿಸಿದ ಆವಿ, ಸ್ನಾನದ ಆವಿ ಸಂದಿನಿಂದ ಮೇಲೇರಿ ತಣ್ಣನೆ ಮೊಳೆಗೆ ಕಟ್ಟಿದೆ. ಬಿಸಿಲು ಬಂದಾಗ ಅದು ಕರಗಿ ಹಲಗೆಗೆ ಇಳಿದು ಬೂಸು ಹಿಡಿಯುತ್ತದೆ. ಅಟ್ಟಕ್ಕೆ ಬೇಕಾದ ಗಾಳಿ ಸೂರಿನಂಚಿನ ಮತ್ತು ನೆತ್ತಿಯ ಕಿಂಡಿಗಳಿಂದ, ಹೊರಗಿನಿಂದ ಬರಬೇಕು, ಮನೆಯೊಳಗಿನಿಂದ ಅಲ್ಲ. ಬಾಗಿಲು ಮುಚ್ಚಿ, ಕಿಂಡಿಗಳ ಮೇಲೆ ಇನ್ಸುಲೇಷನ್ ಬಿದ್ದಿದ್ದರೆ ಸರಿಸಿ, ಸ್ನಾನದ ಮನೆಯ ಫ್ಯಾನಿನ ಕೊಳವೆ ಮಾಡಿನ ಹೊರಗೆ ತೆರೆಯುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ (ಶಿರಸಿ): ಅಮೆರಿಕದಲ್ಲಿರುವ ಮಗ ನಮ್ಮ ಹಂಚಿನ ಮನೆಯ ಅಟ್ಟದ ಏಣಿಗಂಡಿಗೂ ಫೋಮ್ ಹಾಕಿಸಿ ಎನ್ನುತ್ತಿದ್ದಾನೆ.

ಉತ್ತರ: ಬೇಡ. ಮನೆಗೆ ಹೀಟರ್ ಇಲ್ಲ, ಎಸಿ ಇಲ್ಲ, ಉಳಿಸಲು ವಿದ್ಯುತ್ತೇ ಇಲ್ಲ. ಮಳೆಗಾಲದಲ್ಲಿ ನಿಮ್ಮ ಅಟ್ಟವನ್ನು ಕಾಪಾಡುವುದು ಓಡಾಡುವ ಗಾಳಿ. ಇಲಿ ಬಾರದಂತೆ ಮರದ ಹಲಗೆ ಇದ್ದರೆ ಸಾಕು.

ಪ್ರಶ್ನೆ (ಬೋಸ್ಟನ್ ಬಳಿಯಿಂದ): ಹಳೆಯ ಮನೆ ಕೊಂಡಿದ್ದೇವೆ. ಈ ಕೆಲಸಕ್ಕೆ ತೆರಿಗೆ ರಿಯಾಯಿತಿ ಇದೆಯೇ? ಅಟ್ಟದಲ್ಲಿ ಬೂದು-ಕಂದು ಬಣ್ಣದ, ಮಿಂಚುವ ಹರಳಿನಂಥ ಪದಾರ್ಥ ಹರಡಿದೆ, ತೆಗೆಯಬಹುದೇ?

ಉತ್ತರ: ಇನ್ಸುಲೇಷನ್‌ಗೆ ಇದ್ದ ಫೆಡರಲ್ 30 ಶೇಕಡಾ ತೆರಿಗೆ ಕಡಿತ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ನಿಮ್ಮ ವಿದ್ಯುತ್ ಅಥವಾ ಗ್ಯಾಸ್ ಕಂಪನಿಯ ರಿಯಾಯಿತಿಯನ್ನು ಕೆಲಸ ಶುರುವಾಗುವ ಮುಂಚೆಯೇ ವಿಚಾರಿಸಿ.

ಹರಳಿನಂಥದ್ದು ವರ್ಮಿಕ್ಯುಲೈಟ್ ಎಂಬ ಖನಿಜದ ಇನ್ಸುಲೇಷನ್ ಇರಬಹುದು. ಮೊಂಟಾನಾದ ಲಿಬ್ಬಿ ಗಣಿಯಿಂದ 1990ರವರೆಗೂ ಬಂದ ವರ್ಮಿಕ್ಯುಲೈಟ್‌ನಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ನಾರು ಬೆರೆತಿತ್ತು. ಮುಟ್ಟಬೇಡಿ, ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ, ಮಕ್ಕಳನ್ನು ಮೇಲೆ ಬಿಡಬೇಡಿ. ಆಸ್ಬೆಸ್ಟಾಸ್ ತಜ್ಞರು ಬಂದು ಹೇಳುವವರೆಗೆ ಅಟ್ಟದ ಕಡೆಯ ಕೆಲಸ ಯಾವುದೂ ಬೇಡ. ಪರವಾನಗಿ ಪಡೆದವರೇ ಅದನ್ನು ತೆಗೆಯಬೇಕು.