ದೊಡ್ಡ ಚಿಮಣಿ, ಸಣ್ಣ ಚಿಮಣಿ

ಸಿಂಧನೂರಿನ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: "ಇಂಗ್ಲೆಂಡ್, ಅಮೆರಿಕ ಕಲ್ಲಿದ್ದಲು ಸುಟ್ಟೇ ಸಾಹುಕಾರ ಆದವು. ಈಗ ಇಥಿಯೋಪಿಯಾ, ಮಲಾವಿಯ ಬಡವರಿಗೆ ಹೊಗೆ ಬೇಡ, ಸೋಲಾರ್ ಹಾಕಿಕೊಳ್ಳಿ ಅನ್ನುವುದು ಯಾವ ನ್ಯಾಯ? ಮೊದಲು ಹೊಟ್ಟೆ ತುಂಬಲಿ."

ಮಾಸ್ತರೇ, ನಿಮ್ಮ ಸಿಟ್ಟು ಸರಿಯಾದದ್ದೇ. 1850ರಿಂದ 2019ರವರೆಗೆ ಜಗತ್ತು ಕಲ್ಲಿದ್ದಲು, ಎಣ್ಣೆ ಸುಟ್ಟು ಬಿಟ್ಟ ಇಂಗಾಲದಲ್ಲಿ ಅತಿ ಬಡ ದೇಶಗಳ ಪಾಲು ಶೇಕಡಾ 0.5 ಕೂಡ ಇಲ್ಲ. ಆದರೆ ಕಲ್ಲಿದ್ದಲು ಸುಟ್ಟರೆ ಬಡತನ ಹೋಗುತ್ತದೆ ಅಂತ ರಾಯಚೂರು ಜಿಲ್ಲೆಯಲ್ಲಿ ಕೂತು ಹೇಗೆ ಬರೆದಿರಿ?

1985ರಿಂದ ನಮ್ಮ ಜಿಲ್ಲೆಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ರಾಜ್ಯಕ್ಕೆ ಬೆಳಕು ಕೊಟ್ಟ ಜಿಲ್ಲೆ ನಮ್ಮದು. 2002ರಲ್ಲಿ, ಯಾವ ತಾಲೂಕು ಎಷ್ಟು ಹಿಂದುಳಿದಿದೆ ಅಂತ ನೋಡಿದ ನಂಜುಂಡಪ್ಪ ಸಮಿತಿಯ ವರದಿ ಬಂದಾಗ ಅತಿ ಹಿಂದುಳಿದ ತಾಲೂಕುಗಳಲ್ಲಿ ದೇವದುರ್ಗ ಇತ್ತು, ನಿಮ್ಮ ಸಿಂಧನೂರೂ ಇತ್ತು. ನಮ್ಮ ಕಡೆ ಸೀಮೆಎಣ್ಣೆ ಬುಡ್ಡಿಗೂ ಚಿಮಣಿ ಅಂತೇವೆ, ಅಲ್ವಾ? ನಾನು ಹತ್ತನೇ ತರಗತಿ ಓದಿದ್ದು ಅದರ ಮುಂದೆ, ಬೆಳಿಗ್ಗೆ ಮೂಗು ಒರೆಸಿದರೆ ಮಸಿ. ದೊಡ್ಡ ಚಿಮಣಿ ಎದ್ದ ಮೇಲೂ ಎಷ್ಟೋ ವರ್ಷ ಅವ್ವ ಸಣ್ಣ ಚಿಮಣಿಯ ಬೆಳಕಲ್ಲೇ ರೊಟ್ಟಿ ಬಡಿದಳು. ತಪ್ಪು ಸ್ಥಾವರದ್ದಲ್ಲ. ನಮ್ಮ ಓಣಿಗೆ ತಂತಿ ಬರಲಿಲ್ಲ, ಅಷ್ಟೇ.

ಬಾಂಗ್ಲಾದೇಶ ನೋಡಿ. ತಂತಿ ಹೋಗದ ಹಳ್ಳಿಗಳಲ್ಲಿ 2003ರಿಂದ 40 ಲಕ್ಷಕ್ಕೂ ಜಾಸ್ತಿ ಮನೆಗಳಿಗೆ ಸೋಲಾರ್ ಬಂತು, ಅದೂ ಕಂತಿನ ಮೇಲೆ. ಸೀಮೆಎಣ್ಣೆಗೆ ಹೋಗುತ್ತಿದ್ದ ದುಡ್ಡು ಕಂತಿಗೆ ಹೋಯಿತು. ನೀವು ಮರುಗಿದ ಇಥಿಯೋಪಿಯಾ 2024ರಲ್ಲಿ ಪೆಟ್ರೋಲ್, ಡೀಸೆಲ್ ಕಾರು ತರಿಸುವುದನ್ನೇ ನಿಲ್ಲಿಸಿತು. ಕರೆಂಟು ಅವರದೇ ನದಿಗಳಿಂದ ಬರುತ್ತದೆ, ಪೆಟ್ರೋಲ್‌ಗೆ ಡಾಲರ್ ಎಣಿಸಬೇಕು. ಇದೂ ಹೊಟ್ಟೆಯ ಲೆಕ್ಕವೇ ಮಾಸ್ತರೇ.

ಹಾಗಂತ ಮನೆಗೊಂದು ಬಲ್ಬು ಕೊಟ್ಟು ಕೈ ತೊಳೆದುಕೊಂಡರೆ ಸಾಲದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಅಕ್ಕ ಒಬ್ಬರು ನನಗೆ ಹೇಳಿದ್ದರು, ಕರೆಂಟು ಹೋದಷ್ಟು ಹೊತ್ತು ಕೂಲಿಯೂ ಇಲ್ಲ ಅಂತ. ಹೊಲಿಗೆ ಮಿಷನ್ನು, ಗಿರಣಿ, ಬೋರ್‌ವೆಲ್ ಪಂಪು ಓಡಬೇಕು. ಅದಕ್ಕೆ ಮೊದಲೇ ದುಡ್ಡು ಹಾಕಬೇಕು, ಬಡ ದೇಶದ ಕೈಯಲ್ಲಿ ಇಲ್ಲದ್ದೇ ಅದು.

ನಿಮ್ಮ ಸಿಟ್ಟು ಇಲ್ಲಿ ಬೇಕು. 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಭೆಯಲ್ಲಿ ಸಾಹುಕಾರ ದೇಶಗಳು ಮಾತು ಕೊಟ್ಟವು, ಹವಾಮಾನದ ಕೆಲಸಕ್ಕೆ ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಅಂತ. ಮುಟ್ಟಿದ್ದು 2022ರಲ್ಲಿ, ಅದರಲ್ಲೂ ಜಾಸ್ತಿ ಪಾಲು ಸಾಲ. ಬೆಳೆ ಮೇಯಿಸಿದವರೇ ಬಂದು ಬೀಜಕ್ಕೆ ಸಾಲ ಕೊಟ್ಟ ಹಾಗಾಯಿತು. ಕಾಯುವುದು ಅಂದರೆ ಏನು ಅಂತ ನಮಗೂ ಗೊತ್ತು, ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಕಲಂ ಜಾರಿಗೆ ಬಂದದ್ದು 2013ರಲ್ಲಿ.

ನಿಮ್ಮೂರಿಗೆ ಮೊದಲ ಸಲ ಕರೆಂಟು ಬಂದದ್ದು ಯಾವ ವರ್ಷ, ಯಾರ ಓಣಿಗೆ ಮೊದಲು ಬಂತು? ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂ.