ಫಿರೋಜಾ ಹಸಿರಾಯಿತೆಂದರೆ ಕಲ್ಲು ನಕಲಿ ಅಂತಲ್ಲ

ರಾಯಚೂರಲ್ಲಿ ಕೊಂಡ ನೀಲಿ ಫಿರೋಜಾ (ಟರ್ಕಾಯ್ಸ್) ಕಲ್ಲಿನ ಉಂಗುರ ಒಂದೇ ಬೇಸಿಗೆಗೆ ಹಸಿರಾಗಿದೆ, ನಕಲಿ ಇರಬಹುದೇ, ಮತ್ತೆ ನೀಲಿ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ನನ್ನ ಉಂಗುರಕ್ಕೂ ಇದೇ ಆಗಿತ್ತು. ಬಳ್ಳಾರಿಯ ಪತ್ತಾರರು ಅದನ್ನು ತಿರುವಿ ತಳ ನೋಡಿದವರೇ ಕಾರಣ ಹೇಳಿದರು: ಕಲ್ಲು ಬೆರಳಿಗೆ ತಾಗಲೆಂದು ಹಿಂಬದಿ ತೆರೆದು ಕೂರಿಸಿದ್ದು. ನಿಮ್ಮದೂ ಹಾಗೇ ಇರಬಹುದು, ನೋಡಿ.

ಜ್ಯೋತಿಷಿಗಳು ಎಲ್ಲ ಹರಳಿಗೂ ಹಾಗೇ ಕಟ್ಟಿಸಿ ಅನ್ನುತ್ತಾರೆ. ನೀಲ, ಪುಷ್ಯರಾಗಕ್ಕೆ ಅದು ನಡೆಯುತ್ತದೆ. 1ರಿಂದ 10ರವರೆಗೆ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅವು 9, ಏನನ್ನೂ ಹೀರುವುದಿಲ್ಲ. ಫಿರೋಜಾ ಹೆಚ್ಚೆಂದರೆ 6, ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಬೆವರು, ಕೊಬ್ಬರಿ ಎಣ್ಣೆ, ಸೋಪಿನ ನೀರು, ಅತ್ತರು ತಳದಿಂದಲೇ ಒಳಗೆ ಇಳಿಯುತ್ತವೆ. ಮೇಲೆ ಎಷ್ಟು ಒರೆಸಿದರೂ ಉಪಯೋಗವಿಲ್ಲ, ಏಕೆಂದರೆ ಬಣ್ಣ ಕೆಡುವುದು ಒಳಗಿನಿಂದ. ನಮ್ಮ ಕಡೆಯ ಏಪ್ರಿಲ್, ಮೇ ಬೆವರಿಗೆ ಇದು ಇನ್ನೂ ಬೇಗ ಆಗುತ್ತದೆ.

ಈ ಕಲ್ಲು ಹುಟ್ಟುವುದೇ ನೀರಿನಿಂದ. ತಾಮ್ರದ ಅದಿರಿರುವ ಒಣ ಸೀಮೆಯಲ್ಲಿ ಅಪರೂಪದ ಮಳೆನೀರು ಬಂಡೆಯ ಬಿರುಕಿಗಿಳಿದು, ತಾಮ್ರ, ಅಲ್ಯೂಮಿನಿಯಂ, ಫಾಸ್ಫೇಟ್ ಕೂಡಿ ನಿಧಾನಕ್ಕೆ ಗಟ್ಟಿಯಾಗುತ್ತವೆ. ಹರಳಿನ ರಚನೆಯಲ್ಲೇ ನೀರು ಉಳಿದಿರುತ್ತದೆ. ಇರಾನಿನ ನಿಶಾಪುರ, ಈಜಿಪ್ಟಿನ ಸಿನಾಯ್, ಅಮೆರಿಕದ ಅರಿಜೋನಾ ಎಲ್ಲವೂ ಅಂಥ ಒಣ ನೆಲಗಳೇ. ನೀಲಿ ತಾಮ್ರದ್ದು. ಅಲ್ಯೂಮಿನಿಯಂ ಜಾಗದಲ್ಲಿ ಕಬ್ಬಿಣ ಸೇರಿದಷ್ಟೂ ಹಸಿರು ಏರುತ್ತದೆ. ಸಂಡೂರಿನ ಮಣ್ಣನ್ನು ಕೆಂಪಾಗಿಸಿದ ಕಬ್ಬಿಣವೇ ಈ ಕಲ್ಲಿಗೆ ಹಸಿರು ತರುತ್ತದೆ. ಆದ್ದರಿಂದ ಗಣಿಯಿಂದಲೇ ಹಸಿರಾಗಿ ಬಂದ ಅಸಲಿ ಕಲ್ಲುಗಳೂ ಇವೆ. ಕಂದು, ಕಪ್ಪು ಗೆರೆಗಳೂ ದೋಷವಲ್ಲ, ಅದು ಕಲ್ಲು ಹುಟ್ಟಿದ ತಾಯಿಬಂಡೆ. ನನಗಂತೂ ಗೆರೆಯಿರುವ ಕಲ್ಲೇ ಚೆಂದ.

ನಕಲಿಯ ಅನುಮಾನ ಹೋಗದಿದ್ದರೆ, ಹತ್ತಿಗೆ ಅಸಿಟೋನ್ (ಉಗುರುಬಣ್ಣ ತೆಗೆಯುವ ದ್ರವ) ಹಚ್ಚಿ ತಳದ ಮೂಲೆಯಲ್ಲಿ ಮೆಲ್ಲಗೆ ಉಜ್ಜಿ. ಹತ್ತಿ ನೀಲಿಯಾದರೆ ಕಲ್ಲಿಗೆ ಬಣ್ಣ ಹಾಕಿದ್ದಾರೆ. ಹೆಚ್ಚಾಗಿ ಅದು ಹೌಲೈಟ್ ಅಥವಾ ಮ್ಯಾಗ್ನೆಸೈಟ್ ಎಂಬ ಬಿಳಿ ಕಲ್ಲು. ಬಣ್ಣ ಬರಲಿಲ್ಲವೆಂದ ಮಾತ್ರಕ್ಕೆ ಅಸಲಿ ಎಂದು ಖಾತ್ರಿಯಲ್ಲ, ಪ್ಲಾಸ್ಟಿಕ್ಕೂ ಬಣ್ಣ ಬಿಡದಿರಬಹುದು.

ಮತ್ತೆ ನೀಲಿ ಮಾಡುವ ಆಸೆ ಬಿಡಿ. ನಿಂಬೆಹಣ್ಣು, ಬ್ಲೀಚು, ಟೂತ್‌ಪೇಸ್ಟು ಯಾವುದೂ ಬೇಡ, ಇದ್ದ ಹೊಳಪೂ ಹೋಗುತ್ತದೆ. ಕಲೆ ಮೇಲ್ಪದರದಲ್ಲಷ್ಟೇ ಇದ್ದರೆ ಹರಳು ಉಜ್ಜುವವರು ಸ್ವಲ್ಪ ಸವೆಸಿ ನೋಡಬಹುದು. ಅದಕ್ಕಿಂತ ಮೊದಲು ತಳಕ್ಕೆ ಬೆಳ್ಳಿ ತಗಡು ಮುಚ್ಚಿಸಿ. ಬೆಸೆಯುವ ಮುನ್ನ ಕಲ್ಲನ್ನು ಬಿಚ್ಚಲು ಹೇಳಲೇಬೇಕು. ಊದುಗೊಳವೆಯ ಉರಿ ತಾಗಿದರೆ ಒಳಗಿನ ನೀರು ಹೋಗಿ ಕಲ್ಲು ಸೀಳುತ್ತದೆ. ತೊಳೆಯಲು ಅಲ್ಟ್ರಾಸೋನಿಕ್ ಯಂತ್ರಕ್ಕೂ ಹಾಕಬೇಡಿ, ಒದ್ದೆ ಬಟ್ಟೆ ಸಾಕು.

ಇನ್ನೊಂದು ಕೊಳ್ಳುವುದಾದರೆ ರಾಳ ತುಂಬಿ ಗಟ್ಟಿಮಾಡಿದ ಕಲ್ಲು ಕೇಳಿ. ಅದು ಮೋಸವಲ್ಲ, ರಂಧ್ರ ಮುಚ್ಚಿರುವುದರಿಂದ ದಿನಬಳಕೆಗೆ ಅದೇ ವಾಸಿ. ಆದರೆ ಬಿಲ್ಲಿನಲ್ಲಿ ಹಾಗೆಂದು ಬರೆಸಿಕೊಳ್ಳಿ, ರಾಳ ತುಂಬದ ಕಲ್ಲಿನ ಬೆಲೆ ಕೊಡಬೇಡಿ.